ಕೈಗಳು ಮಾತಾಡುವ ಮನೆಗೆ ಬಲ್ಬು ಆರಿಸಿದ್ದು

ಇದು ಮೂರು ವರ್ಷಗಳ ಹಿಂದಿನ ಮಾತು. ದೀಪ ತಯಾರಿಸುವ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದ ನಾನು, ನಿವೃತ್ತಿಯ ನಂತರ ಹೊಸ ತಿಪ್ಪಸಂದ್ರದ ನಮ್ಮ ಮನೆಯ ಮಹಡಿಯಲ್ಲೇ ಸಣ್ಣ ಆಫೀಸು ಮಾಡಿಕೊಂಡು ಮನೆ, ಅಂಗಡಿಗಳಿಗೆ ಬೆಳಕಿನ ಸಲಹೆ ಕೊಡುತ್ತಿದ್ದೆ. ಬರುತ್ತಿದ್ದ ಕರೆಗಳಲ್ಲಿ ಹೆಚ್ಚಿನವು ಒಂದೇ ಬಗೆಯವು: ಹಳೆಯ ಹ್ಯಾಲೊಜೆನ್ ಸ್ಪಾಟ್‌ಲೈಟ್ ತೆಗೆಸಿ ಎಲ್‌ಇಡಿ ಹಾಕಿಸಿದ್ದೇವೆ, ಏನೋ ಸರಿಹೋಗುತ್ತಿಲ್ಲ, ಬಂದು ನೋಡಿ.

ಲಿಂಗರಾಜಪುರದ ಮುನಿರಾಜು ಫೋನ್ ಮಾಡಿದ್ದೂ ಅದಕ್ಕೇ. ಅವರದು ಆ ಭಾಗದ ಹಳೆಯ ಒಕ್ಕಲು ಮನೆತನ. ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳು ನಿಂತಿವೆ. ಊಟದ ಕೋಣೆಯ ಫಾಲ್ಸ್ ಸೀಲಿಂಗ್‌ನಲ್ಲಿದ್ದ ಹ್ಯಾಲೊಜೆನ್‌ಗಳು ಸೆಕೆ, ಕರೆಂಟೂ ಜಾಸ್ತಿ ತಿನ್ನುತ್ತವೆ ಎಂದು ಬದಲಾಯಿಸಿ ಕೆಲವು ತಿಂಗಳಾಗಿದ್ದವು. ಹೊಸವು ಗುಂಯ್‌ಗುಡುತ್ತವೆ, ಒಂದೊಂದಾಗಿ ಕೆಡುತ್ತಿವೆ, ಯಾವುದನ್ನು ತರಬೇಕು ಹೇಳಿ ಎಂದರು. ಆದಷ್ಟು ಬೇಗ ಬನ್ನಿ, ಮುಂದಿನ ವಾರ ತಾಯಿಯನ್ನು ಮರೆವಿನ ಪರೀಕ್ಷೆಗೆ ಆಸ್ಪತ್ರೆಗೆ ಕರೆದೊಯ್ಯುವುದಿದೆ ಎಂದೂ ಸೇರಿಸಿದರು.

ದೀಪಗಳ ತೊಂದರೆ ಹಗಲಿನಲ್ಲಿ ತಿಳಿಯುವುದಿಲ್ಲ. ಹಾಗಾಗಿ ಮುಸ್ಸಂಜೆಗೆ ಹೋದೆ. ಗೇಟು ತೆಗೆದ ಮುನಿರಾಜು ಒಳಗೆ ಕರೆದೊಯ್ಯುತ್ತ ಮನೆಯ ವಿಷಯ ಹೇಳಿದರು. ತಂದೆ ಕೃಷ್ಣಪ್ಪ, ತಾಯಿ ಜಯಮ್ಮ, ಇಬ್ಬರಿಗೂ ಚಿಕ್ಕಂದಿನಿಂದ ಕಿವಿ ಕೇಳಿಸದು. ಮನೆಯ ಮಾತೆಲ್ಲ ಸನ್ನೆ ಭಾಷೆಯಲ್ಲೇ. ಮುನಿರಾಜುವಿಗೆ ಬಾಯಿಮಾತಿಗಿಂತ ಮೊದಲು ಬಂದದ್ದು ಕೈಮಾತು. ಹೆಂಡತಿ ಸುಜಾತಾ ಮದುವೆಯಾದ ಮೇಲೆ ಅತ್ತೆಯಿಂದಲೇ ಕಲಿತವರು.

"ನಮ್ಮಮ್ಮ ಈ ಬೀದೀಲೇ ಫೇಮಸ್ ಮೇಡಂ, ಒಂದು ನಿಮಿಷ ಕೈ ಸುಮ್ನೆ ಇಟ್ಕೋತಿರ್ಲಿಲ್ಲ," ಎಂದರು ಮುನಿರಾಜು. "ಈಗ ಬೆಳಿಗ್ಗೆ ಎಲ್ಲ ಚೆನ್ನಾಗೇ ಇರ್ತಾರೆ. ಸಂಜೆ ಆದ್ರೆ ಬೇರೆ ಯಾರೋ ಆಗ್ಬಿಡ್ತಾರೆ. ನಾವು ಏನ್ ಕೇಳಿದ್ರೂ ಉತ್ತರ ಇಲ್ಲ."

ವಯಸ್ಸಾದವರಲ್ಲಿ ಸಂಜೆಯ ಹೊತ್ತಿಗೆ ಗೊಂದಲ ಹೆಚ್ಚುವುದುಂಟು, ಒಮ್ಮೆ ಪರೀಕ್ಷಿಸೋಣ ಎಂದು ಪರಿಚಯದ ಡಾಕ್ಟರು ಹೇಳಿದ್ದರಂತೆ. ಅದು ನನ್ನ ವಿಷಯವಲ್ಲವೆಂದು ನಾನು ಊಟದ ಕೋಣೆ ಎಲ್ಲಿ ಎಂದು ಕೇಳಿದೆ.

ಊಟದ ಕೋಣೆಯಲ್ಲಿ ಮೇಜಿನ ಮೇಲೆ ಬಿಳಿ ಬೆಳಕಿನ ವೃತ್ತಗಳು ಬಿದ್ದಿದ್ದವು. ಅವುಗಳ ಆಚೆ ಕುಳಿತವರ ಮುಖಗಳು ಮಾತ್ರ ಮಬ್ಬು. ಜಯಮ್ಮ ಒಂದು ತುದಿಯಲ್ಲಿ ಅವರೆಕಾಳು ಹಿಸುಕುತ್ತ ತಲೆ ತಗ್ಗಿಸಿ ಕುಳಿತಿದ್ದರು. ಮಗ ಮುಂದೆ ನಿಂತು ನನ್ನನ್ನು ಪರಿಚಯಿಸಿದಾಗ ಒಮ್ಮೆ ನೋಡಿ ಕೈಮುಗಿದು ಮತ್ತೆ ಕಾಳಿನತ್ತ ತಿರುಗಿದರು.

ನಾನು ನನ್ನ ಕೆಲಸ ಶುರುಮಾಡಿದೆ. ದೀಪ ಮಿಣುಕುತ್ತಿದೆಯೇ ಎಂದು ತಿಳಿಯಲು ನಮ್ಮಲ್ಲಿ ಸುಲಭದ ಪರೀಕ್ಷೆಯೊಂದಿದೆ. ಪೆನ್ನೊಂದನ್ನು ಬೆಳಕಿನ ಕೆಳಗೆ ಹಿಡಿದು ಬೇಗಬೇಗ ಆಡಿಸಬೇಕು. ಬೆಳಕು ಸ್ಥಿರವಾಗಿದ್ದರೆ ಪೆನ್ನಿನ ಚಲನೆ ಒಂದೇ ಮಬ್ಬು ಪಟ್ಟಿಯಾಗಿ ಕಾಣುತ್ತದೆ. ಕಣ್ಣಿಗೆ ನೇರವಾಗಿ ತಿಳಿಯದಷ್ಟು ವೇಗದಲ್ಲಿ ಮಿಣುಕುತ್ತಿದ್ದರೂ ಪಟ್ಟಿ ಒಡೆದು, ಬಿಡಿಬಿಡಿ ಪೆನ್ನುಗಳ ಸಾಲು ಕಾಣುತ್ತದೆ. ಅಂದು ನನಗೆ ಕಂಡದ್ದು ಆ ಸಾಲು.

ಜಯಮ್ಮ ನನ್ನ ಕೈಯನ್ನೇ ನೋಡುತ್ತಿದ್ದರು. ಕಾಳಿನ ಮೊರವನ್ನು ಪಕ್ಕಕ್ಕಿಟ್ಟು ಎದ್ದು ಬಂದರು. ದೀಪದ ಕೆಳಗೆ ಬೆರಳುಗಳನ್ನಗಲಿಸಿ ಅಂಗೈಯನ್ನು ಆಡಿಸಿದರು. ಅದೂ ಒಡೆಯಿತು. ಒಂದು ಕೈಯಿದ್ದ ಕಡೆ ಎಷ್ಟೋ ಬೆರಳುಗಳು ಚೆಲ್ಲಾಪಿಲ್ಲಿಯಾಗಿ ನಿಂತಂತೆ ಕಂಡಿತು. ಆಮೇಲೆ ಅವರು ನನ್ನ ಕಣ್ಣಿನತ್ತ ಬೆರಳು ತೋರಿಸಿ ಹುಬ್ಬೇರಿಸಿದರು. ನಿನಗೂ ಹೀಗೇ ಕಾಣುತ್ತಿದೆಯೇ ಎಂಬ ಆ ಪ್ರಶ್ನೆ ಅರ್ಥವಾಗಲು ನನಗೆ ಯಾವ ಭಾಷೆಯೂ ಬೇಕಿರಲಿಲ್ಲ. ಹೌದೆಂದು ತಲೆಯಾಡಿಸಿದೆ.

ಅವರು ನಂತರ ಮಗನ ತೋಳು ಹಿಡಿದು ಹಜಾರದ ಟ್ಯೂಬ್‌ಲೈಟಿನ ಕೆಳಗೆ ಎಳೆದೊಯ್ದು ಕೈಗಳಲ್ಲಿ ಹೇಳತೊಡಗಿದರು. ನಿಲ್ಲಿಸಲೇ ಇಲ್ಲ. ಮುನಿರಾಜು ಕೊನೆಗೆ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದರು.

"ಕಣ್ಣು ಹೋಗ್ತಿದೆ ಅಂದ್ಕೊಂಡಿದ್ರಂತೆ ಮೇಡಂ. ರಾತ್ರಿ ಊಟಕ್ಕೆ ಕೂತ್ರೆ ನಮ್ಮೆಲ್ಲರ ಕೈ ಚೂರುಚೂರಾಗಿ ಕಾಣ್ತಿತ್ತಂತೆ. ಕಣ್ಣೂ ಹೋದ್ರೆ ಇನ್ನು ನಮ್ಮ ಜೊತೆ ಮಾತೇ ಇಲ್ಲ ಅಂತ ಒಬ್ರೇ ನುಂಗ್ಕೊಂಡು ಕೂತಿದ್ರು."

ಕೃಷ್ಣಪ್ಪನವರಿಗೂ ಆ ಮಿಣುಕು ಕಂಡಿತ್ತು. ಹೊಸ ಬಲ್ಬುಗಳು ಇರುವುದೇ ಹಾಗೆ ಎಂದುಕೊಂಡಿದ್ದರು. ಇದು ಎಲ್ಲರನ್ನೂ ಒಂದೇ ಸಮ ಕಾಡುವುದಿಲ್ಲ. ಮರೆವಿನ ಪರೀಕ್ಷೆಯ ಬದಲು ಆಮೇಲೆ ಕಣ್ಣು ತೋರಿಸಿದಾಗ, ಜಯಮ್ಮನವರ ಕಣ್ಣಿನಲ್ಲಿ ಪೊರೆ ಬೆಳೆಯಲು ಶುರುವಾಗಿದೆಯೆಂದು ಕಣ್ಣಿನ ಡಾಕ್ಟರು ಹೇಳಿದರು. ಅದಕ್ಕೇ ಆ ಚೂಪು ಬೆಳಕು ಅವರಿಗೆ ಇನ್ನಷ್ಟು ಚುಚ್ಚುತ್ತಿತ್ತು.

ಮರುದಿನ ಸೀಲಿಂಗ್ ಬಿಚ್ಚಿಸಿದೆ. ಹಳೆಯ ಹ್ಯಾಲೊಜೆನ್‌ಗಳು ಹನ್ನೆರಡು ವೋಲ್ಟಿನವು, ಒಂದೊಂದೂ ಐವತ್ತು ವ್ಯಾಟ್. ಅವುಗಳಿಗೆ ಬೇಕಾದ ಟ್ರಾನ್ಸ್‌ಫಾರ್ಮರ್‌ಗಳು ಮೇಲೆ ಹಾಗೇ ಉಳಿದಿದ್ದವು. ಇಂಥ ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರ್ ಸರಿಯಾಗಿ ನಡೆಯಲು ಅದರ ಮೇಲೆ ಇಂತಿಷ್ಟು ಹೊರೆ ಇರಬೇಕು. ಐದು ವ್ಯಾಟಿನ ಎಲ್‌ಇಡಿ ಅದಕ್ಕೆ ಹೊರೆಯೇ ಅಲ್ಲ. ಹಾಗಾಗಿ ಅದು ತಡವರಿಸುತ್ತದೆ, ದೀಪ ಮಿಣುಕುತ್ತದೆ, ಬೇಗ ಕೆಡುತ್ತದೆ. ಜೊತೆಗೆ ಗೋಡೆಯಲ್ಲಿ ಬೆಳಕು ಹೆಚ್ಚುಕಮ್ಮಿ ಮಾಡುವ ಹಳೆಯ ಡಿಮ್ಮರ್ ಬೇರೆ. ಎರಡನ್ನೂ ತೆಗೆಸಿ, ಎಲ್‌ಇಡಿಗೆಂದೇ ಕರೆಂಟನ್ನು ಹದಮಾಡಿ ಕೊಡುವ, ಮಿಣುಕದ ಡ್ರೈವರ್‌ಗಳನ್ನು ಹಾಕಿಸಿದೆ.

ಬಲ್ಬಿನ ಆಯ್ಕೆ ಬಾಕಿಯಿತ್ತು. ಜನ ಸಾಮಾನ್ಯವಾಗಿ ಡಬ್ಬಿಯ ಮೇಲೆ ವ್ಯಾಟ್ ನೋಡಿ ಕೊಳ್ಳುತ್ತಾರೆ. ನೋಡಬೇಕಾದದ್ದು ಬೇರೆ. ಒಟ್ಟು ಬೆಳಕು ಎಷ್ಟೆಂದು ಹೇಳುವುದು ಲ್ಯೂಮೆನ್. ಅದು ಎಷ್ಟು ಅಗಲಕ್ಕೆ ಹರಡುತ್ತದೆಂದು ಹೇಳುವುದು ಬೀಮ್ ಆ್ಯಂಗಲ್. ಬೆಳಕು ಹಳದಿಯೋ ಬಿಳಿಯೋ ಎಂಬುದು ಕೆಲ್ವಿನ್ ಸಂಖ್ಯೆಯಿಂದ ತಿಳಿಯುತ್ತದೆ, ಸಂಖ್ಯೆ ಏರಿದಷ್ಟೂ ಬಿಳಿ. ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆಂಬುದಕ್ಕೆ ಸಿಆರ್‌ಐ, ತೊಂಬತ್ತಕ್ಕಿಂತ ಮೇಲಿದ್ದರೆ ಒಳ್ಳೆಯದು. ಆ ಮನೆಯಲ್ಲಿದ್ದವು ಇಪ್ಪತ್ತನಾಲ್ಕು ಡಿಗ್ರಿಯ ಕಿರಿದಾದ ಬೀಮ್‌ನವು, ಅಂಗಡಿಯ ಷೋಕೇಸಿಗೆ ಸರಿಯಾದವು. ಶಿವಾಜಿನಗರದ ಪರಿಚಿತ ಅಂಗಡಿಯಿಂದ ಅರವತ್ತು ಡಿಗ್ರಿಯ ಮೂರು ಬಗೆ ತಂದೆ: 2700, 3000 ಮತ್ತು 4000 ಕೆಲ್ವಿನ್. ಊಟದ ಕೋಣೆಗೆ ನಾನು ಯಾವಾಗಲೂ ಸೂಚಿಸುವುದು ಬೆಚ್ಚಗಿನ 2700.

ಜಯಮ್ಮ ನನ್ನನ್ನು ಕೇಳಲಿಲ್ಲ. ಗಂಡನನ್ನು ಎದುರಿಗೆ ಕೂರಿಸಿ, ಪ್ರತಿ ಬಲ್ಬಿನ ಕೆಳಗೂ ಒಂದೇ ವಾಕ್ಯ ಹೇಳಿಸಿದರು. ಕೃಷ್ಣಪ್ಪ ಆರಿಸಿಕೊಂಡ ವಾಕ್ಯ, ಇವತ್ತಿನ ಸಾರಿಗೆ ಉಪ್ಪು ಕಮ್ಮಿ ಎಂಬುದು. ಸುಜಾತಾ ನಗುತ್ತ ನನಗೆ ಹೇಳಿದರು. 2700ರಲ್ಲಿ ಬೆರಳುಗಳು ಹಿಂದಿನ ಕೆನೆಬಣ್ಣದ ಗೋಡೆಯಲ್ಲಿ ಕರಗಿಹೋಗುತ್ತವೆಂದು ಜಯಮ್ಮ ಒಪ್ಪಲಿಲ್ಲ. 3000 ಕೂಡ ಹಿಡಿಸಲಿಲ್ಲ. 4000ದ ಕೆಳಗೆ ಗಂಡನ ಕೈಯನ್ನೂ, ಆಮೇಲೆ ಮುಖವನ್ನೂ ನಿಧಾನವಾಗಿ ನೋಡಿ, ಇದೇ ಇರಲಿ ಎಂದು ಬಲ್ಬಿನತ್ತ ಬೆರಳು ತೋರಿಸಿದರು. ಸನ್ನೆ ಭಾಷೆಯಲ್ಲಿ ಅರ್ಧ ಮಾತು ಮುಖದಲ್ಲಿರುತ್ತದೆ, ಇಷ್ಟು ದಿನ ಅದೂ ಕತ್ತಲಲ್ಲಿತ್ತು ಎಂದು ಮುನಿರಾಜು ವಿವರಿಸಿದರು. ದೀಪಗಳನ್ನು ಗೋಡೆಯ ಕಡೆ ಸ್ವಲ್ಪ ಓರೆ ಮಾಡಿಸಿದೆ. ಗೋಡೆಗೆ ತಾಗಿ ಮರಳಿದ ಬೆಳಕು ಮುಖಗಳ ಮೇಲೆ ಮೆತ್ತಗೆ ಬಿತ್ತು.

ಭಾನುವಾರ ರಾತ್ರಿ ಊಟಕ್ಕೆ ಕರೆದರು. ಜಯಮ್ಮನವರ ಹಳೆಯ ಗೆಳತಿಯರು ಕುಕ್ ಟೌನ್‌ನಿಂದ ಬಂದಿದ್ದರು, ಅವರೂ ಕೈಯಲ್ಲೇ ಮಾತಾಡುವವರು. ಮುದ್ದೆ, ಹಿತಕಿದ ಬೇಳೆ ಸಾರು. ನನಗೆ ಕೇಳಿಸಿದ್ದು ತಟ್ಟೆಯ ಸದ್ದು, ಬಳೆಯ ಸದ್ದು, ಮಧ್ಯೆ ಒಮ್ಮೊಮ್ಮೆ ಉಕ್ಕಿ ಬರುವ ನಗು ಮಾತ್ರ. ಕಣ್ಣೆದುರಿಗೆ ಮಾತ್ರ ಇಡೀ ಮೇಜು ಒಬ್ಬರ ಮೇಲೊಬ್ಬರು ಬಿದ್ದು ಹರಟುತ್ತಿತ್ತು. ಜಯಮ್ಮ ಎರಡೂ ಕೈಗಳಲ್ಲಿ ಏನೋ ಕಥೆ ಕಟ್ಟುತ್ತಿದ್ದರು, ಉಳಿದವರು ತುತ್ತು ಮರೆತು ನೋಡುತ್ತಿದ್ದರು.

ಆಗ ಕರೆಂಟು ಹೋಯಿತು.

ನನಗೆ ಹೋದದ್ದು ದೀಪ, ಅವರಿಗೆ ಹೋದದ್ದು ಮಾತು. ಮೇಜಿನ ಮೇಲೆ ಕೈಗಳು ಒಂದನ್ನೊಂದು ಹುಡುಕುವ ಸದ್ದಾಯಿತು. ಪಕ್ಕದಲ್ಲಿದ್ದ ಜಯಮ್ಮನವರ ಕೈ ನನ್ನ ಕೈಯನ್ನು ಹುಡುಕಿ ಗಟ್ಟಿಯಾಗಿ ಹಿಡಿದುಕೊಂಡಿತು. ಸ್ವಲ್ಪದರಲ್ಲೇ ಕರೆಂಟು ಬಂತು. ಅವರು ನನ್ನ ಕೈ ಬಿಟ್ಟು, ಕಥೆಯನ್ನು ನಿಂತ ಕಡೆಯಿಂದಲೇ ಮುಂದುವರಿಸಿದರು. ಎಲ್ಲರೂ ನಕ್ಕರು. ನಾನು ತಲೆಯೆತ್ತಿ ಮೇಲಿನ ದೀಪಗಳನ್ನು ನೋಡಿದೆ.

ಕಾರ್ಖಾನೆಯಲ್ಲಿ ನಾನು ಬೆಳಕನ್ನು ಅಳೆದು ಅಳೆದು ಬದುಕು ಕಳೆದವಳು. ಅದು ವಸ್ತುಗಳನ್ನು ಕಾಣಿಸುತ್ತದೆ ಎಂದಷ್ಟೇ ತಿಳಿದಿದ್ದೆ. ಒಬ್ಬರ ಮನಸ್ಸಿನಲ್ಲಿದ್ದುದನ್ನು ಇನ್ನೊಬ್ಬರ ಮನಸ್ಸಿಗೆ ಅದು ಹೊತ್ತೊಯ್ಯುವುದನ್ನು ಕಣ್ಣಾರೆ ಕಂಡದ್ದು ಆ ಮನೆಯಲ್ಲಿ. ಈಗ ಯಾರೇ ಬಲ್ಬು ಯಾವುದು ತರಲಿ ಎಂದು ಕೇಳಿದರೂ ನಾನು ವ್ಯಾಟ್, ಕೆಲ್ವಿನ್ ಮಾತೆತ್ತುವುದು ಆಮೇಲೆ. ಆ ದೀಪದ ಕೆಳಗೆ ಯಾರ ಎದುರು ಯಾರು ಕೂರುತ್ತಾರೆ ಎಂದು ಮೊದಲು ಕೇಳುತ್ತೇನೆ.