ಐದು ಲೀಟರ್ ನೀರಿಗೆ ತಕ್ಕ ಬಾಡಿಗೆದಾರರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಲಂಕಾರದ ಮೀನುಗಳ ಅಂಗಡಿಯ ಷಟರನ್ನು ಸೊಂಟದ ಮಟ್ಟಕ್ಕೆ ಎತ್ತಿ, ಬಗ್ಗಿ ಒಳಗೆ ನುಸುಳುವ ಹೆಂಗಸು ನೇರ ಮೂಲೆಯ ಕಪಾಟಿಗೆ ಹೋಗುತ್ತಾರೆ. ಅಲ್ಲಿ ಸಾಲಾಗಿರುವ ಪುಟ್ಟ ಗಾಜಿನ ತೊಟ್ಟಿಗಳು ಮೇಜಿನ ಮೇಲೆ, ಕಂಪ್ಯೂಟರಿನ ಪಕ್ಕ ಇಡುವಂಥವು. ಒಂದೊಂದಕ್ಕೂ ಐದು ಲೀಟರ್ ನೀರು ಹಿಡಿದರೆ ಹೆಚ್ಚು. ಪಾಚಿಯ ನಡುವೆ ಉಗುರಿನುದ್ದದ ಕೆಂಪು ಸೀಗಡಿಯೊಂದು ಕಾಲಾಡಿಸುತ್ತದೆ. "ಎದ್ಯಾ ಪುಟ್ಟಿ? ತಿಂಡಿ ಆಯ್ತಾ?" ಎನ್ನುತ್ತಾ ಗಾಜಿಗೆ ಮೂಗು ತಾಗಿಸುತ್ತಾರೆ.

ಇಂಥ ತೊಟ್ಟಿಯಲ್ಲಿ ಯಾರು ವಾಸಿಸಬಹುದು ಎಂದು ಗೊತ್ತುಮಾಡುವುದೇ ಇವರ ಕೆಲಸ. ಬೀದಿಯವರ ಬಾಯಲ್ಲಿ ಇವರು ‘ಬೇಡಕ್ಕ’. ಗೋಲ್ಡ್ ಫಿಶ್ ಕೊಡಿ ಎಂದರೆ ಬೇಡ, ಗಪ್ಪಿ ಮೀನು ಒಂದು ಜೋಡಿ ಎಂದರೆ ಅದೂ ಬೇಡ.

"ಗೋಲ್ಡ್ ಫಿಶ್ ಅಂಗೈ ಉದ್ದ ಬೆಳೆಯುತ್ತೆ. ಬಚ್ಚಲಲ್ಲಿ ಎಮ್ಮೆ ಕಟ್ಟಿದ ಹಾಗಾಗುತ್ತೆ. ಗಪ್ಪಿ ಜೋಡಿ ಕೊಟ್ರೆ ಎರಡೇ ತಿಂಗಳಿಗೆ ಸಂಸಾರ ಸಂತೆ" ಎಂದು ನಗುತ್ತಾರೆ.

ಹಾಗಾದರೆ ಯಾರು? ನಾಲ್ಕೈದು ಸೀಗಡಿ, ಒಂದು ಬಸವನಹುಳು. ಅದೂ ಕೂಡಲೇ ಅಲ್ಲ. ಮೊದಲು ತೊಟ್ಟಿ, ಮರಳು, ಪಾಚಿ ಮಾತ್ರ ಮನೆಗೆ ಹೋಗಬೇಕು. "ನೀರು ಮಾಗ್ಬೇಕು, ಕೊಳೆ ತಿನ್ನೋ ಸೂಕ್ಷ್ಮಜೀವಿ ಅದರಲ್ಲಿ ಬೆಳೀಬೇಕು. ಒಂದು ತಿಂಗಳು ಬರೀ ನೀರು ನೋಡೋ ತಾಳ್ಮೆ ಇದ್ದೋರಿಗೆ ಮಾತ್ರ ಜೀವ ಕೊಡ್ತೀನಿ."

ಈ ಹಟ ಎಲ್ಲಿಂದ ಬಂತು ಎಂದರೆ ತೊಟ್ಟಿಯ ಗಾಜು ಒರೆಸುತ್ತಾ ಹೇಳುತ್ತಾರೆ. "ಒಂದೇ ಕೋಣೇಲಿ ಏಳು ಜನ ಬೆಳೆದೋರು ನಾವು. ಮಗ್ಗುಲು ಬದಲಾಯಿಸ್ಬೇಕಾದ್ರೆ ಪಕ್ಕದೋರನ್ನ ಕೇಳ್ಬೇಕಿತ್ತು. ಇಕ್ಕಟ್ಟು ಅಂದ್ರೇನು ಅಂತ ನಂಗೆ ಯಾರೂ ಹೇಳ್ಕೊಡಬೇಕಿಲ್ಲ." ದಿನವಿಡೀ ನೀರಲ್ಲಿ ಮುಳುಗಿರುವ ಅವರ ಬೆರಳ ತುದಿಗಳು ಸುಕ್ಕುಗಟ್ಟಿ ಬಿಳಿಚಿಕೊಂಡಿವೆ.

ಅಂಗಡಿ ತಮ್ಮನದು. ಅಕ್ಕನೆಂದರೆ ಪ್ರಾಣ, ಆದರೆ ವ್ಯಾಪಾರ ವ್ಯಾಪಾರವೇ. "ಅಕ್ಕಾ, ಬಂದೋರನ್ನೆಲ್ಲ ಹೀಗೆ ಓಡಿಸಿದ್ರೆ ನಾನೇನು ನೀರು ಮಾರ್ಲಾ?" ಎನ್ನುತ್ತಾನೆ. ಪುಟ್ಟ ತೊಟ್ಟಿಯ ಬಗ್ಗೆ ಇನ್ನೊಂದೇ ಒಂದು ದೂರು ಬಂದರೂ ಆ ಕಪಾಟು ಖಾಲಿ, ಬಾಗಿಲ ಬಳಿಯಿರುವ ನಾಯಿ ಆಹಾರದ ಮೂಟೆ ಅಲ್ಲಿಡುತ್ತೇನೆ ಎಂದು ಈ ವಾರವಷ್ಟೇ ಹೇಳಿಬಿಟ್ಟಿದ್ದಾನೆ.

ಷಟರು ಪೂರ್ತಿ ಮೇಲೇರುವ ಹೊತ್ತಿಗೆ ಎದುರಂಗಡಿಯ ದರ್ಜಿ ಹಾಜರು. ಬೇಡಕ್ಕನಿಂದ ಐದು ಸೀಗಡಿ ಒಯ್ದವರು. ಕೈಯಲ್ಲಿ ಗುಂಡಿ ಡಬ್ಬಿಯ ಮುಚ್ಚಳ, ಅದರೊಳಗೆ ಅಲ್ಲಾಡದ ಸೀಗಡಿ.

"ನಿಮ್ಮ ಮಾತು ಕೇಳಿ ತಿಂಗಳಿಡೀ ಕಾದೆ. ನೋಡಿ, ಹೋಯ್ತು. ನನ್ನ ಕೈಗುಣಾನೇ ಸರಿ ಇಲ್ಲ. ತೊಟ್ಟೀನೂ ವಾಪಸ್ ತಗೊಂಬಿಡಿ."

ತಮ್ಮನ ಕಣ್ಣು ಆಗಲೇ ಕಪಾಟಿನ ಅಗಲ ಅಳೆಯುತ್ತಿದೆ. ಬೇಡಕ್ಕ ಮುಚ್ಚಳದಲ್ಲಿದ್ದುದನ್ನು ಬಟ್ಟಲ ನೀರಿಗೆ ಜಾರಿಸುತ್ತಾರೆ. ಮುಖ ಸಡಿಲವಾಗುತ್ತದೆ.

"ಟೈಲರಣ್ಣ, ಕನ್ನಡಕ ಹಾಕ್ಕೊಳ್ಳಿ. ಇದರ ಹೊಲಿಗೆ ಎಲ್ಲಿ ಬಿಚ್ಚಿದೆ ಹೇಳಿ."

ದರ್ಜಿ ಬಗ್ಗುತ್ತಾರೆ. "ಕತ್ತಿನ ಹಿಂದೆ ಒಂದೇ ಸೀಳು. ತೋಳು, ಮೀಸೆ ಎಲ್ಲ ನೆಟ್ಟಗಿದೆ... ಅರೆ, ಒಳಗೆ ಆಳೇ ಇಲ್ಲ!"

"ಮೈ ಬೆಳೆದ ಹಾಗೆ ಹಳೇ ಅಂಗಿ ಕಳಚಿ ಹಾಕುತ್ತೆ. ಮೊದಲೇ ಹೇಳ್ಬೇಕಿತ್ತು. ದಿನಾ ನೋಡಿ ನೋಡಿ ನಂಗೆ ಅದು ಹೇಳೋ ವಿಷಯ ಅಂತ್ಲೇ ಅನಿಸ್ಲಿಲ್ಲ. ತಪ್ಪು ನಂದೇ."

"ಅಂಗಿ ಇಲ್ಲಿದೆ, ಸರಿ. ತೊಟ್ಟೋಳೆಲ್ಲಿ?" ದರ್ಜಿಗೆ ಇನ್ನೂ ನಂಬಿಕೆಯಿಲ್ಲ.

ಮೂವರೂ ರಸ್ತೆ ದಾಟುತ್ತಾರೆ. ಹೊಲಿಗೆ ಮಿಶನ್ ಪಕ್ಕದ ತೊಟ್ಟಿಯಲ್ಲಿ ನಾಲ್ಕು ಸೀಗಡಿ ಕಾಣುತ್ತವೆ. ಐದನೆಯದರ ಸುಳಿವಿಲ್ಲ. ತಮ್ಮ ಗಾಜು ಕುಟ್ಟಲು ಹೋಗಿ ಅಕ್ಕನಿಂದ ಕೈಗೆ ಏಟು ತಿನ್ನುತ್ತಾನೆ. "ಮೈ ಇನ್ನೂ ಮೆತ್ತಗಿರುತ್ತೆ ಕಣೋ, ಹೆದರ್ಕೊಂಡು ಅಡಗಿರುತ್ತೆ. ಸುಮ್ನೆ ನಿಂತ್ಕೋ."

ನಿಲ್ಲುತ್ತಾರೆ. ಕತ್ತರಿ, ಟೇಪು, ಅರ್ಧ ಹೊಲಿದ ಷರಟು, ಎಲ್ಲವೂ ಕಾಯುತ್ತವೆ. ಕೊನೆಗೆ ಕಾಣುವುದು ದರ್ಜಿಗೇ. "ಕಲ್ಲಿನ ಸಂದೀಲಿದೆ! ಮೀಸೆ ಅಲ್ಲಾಡ್ತಿದೆ! ಅಳತೆ ಕೊಡ್ದೆ, ಕೂಲಿ ಕೊಡ್ದೆ ಹೊಸ ಅಂಗಿ! ಎಲ್ರೂ ಇದನ್ನ ಕಲಿತ್ರೆ ನನ್ನ ಹೊಟ್ಟೆಪಾಡು ಹೇಗೆ?"

ತಮ್ಮ ತಲೆ ಕೆರೆದುಕೊಳ್ಳುತ್ತಾನೆ. "ಇದು ದೂರಿನ ಲೆಕ್ಕಕ್ಕೆ ಬರಲ್ಲ ಬಿಡು ಅಕ್ಕ. ಮೂಟೆ ಬಾಗಿಲ ಹತ್ರಾನೇ ಇರ್ಲಿ."

ದರ್ಜಿ ಮಿಶನ್ ಮುಂದೆ ಕೂರುತ್ತಾರೆ. ಕಾಲು ಪೆಡಲಿನ ಮೇಲಿಟ್ಟವರು ಹಾಗೇ ತಡೆಯುತ್ತಾರೆ. "ಅಕ್ಕಾ, ನಾನು ತುಳಿದ್ರೆ ಮೇಜು ಅದುರುತ್ತೆ. ಮೈ ಮೆತ್ತಗಿದೆ ಅಂದ್ರಲ್ಲ, ಅದಕ್ಕೆ ತೊಂದ್ರೆ ಆಗುತ್ತಾ?" ಉತ್ತರಕ್ಕೂ ಕಾಯದೆ ಗೋಡೆ ಬದಿಯ ಬೆಂಚಿನ ಮೇಲಿದ್ದ ಬಟ್ಟೆ ರಾಶಿಯನ್ನು ಸರಿಸಿ ತೊಟ್ಟಿಗೆ ಜಾಗ ಮಾಡತೊಡಗುತ್ತಾರೆ.

ವಾಪಸು ರಸ್ತೆ ದಾಟುವಾಗ ಬೇಡಕ್ಕನ ನಡಿಗೆ ನಿಧಾನ. "ಎಷ್ಟು ದಿನ ಬದುಕುತ್ತೆ ಅಂತ ಎಲ್ರೂ ಕೇಳ್ತಾರೆ. ಅದಕ್ಕೆ ತೊಂದ್ರೆ ಆಗುತ್ತಾ ಅಂತ ಕೇಳಿದೋರು ಇವರೇ ಮೊದಲು. ವರ್ಷಕ್ಕೊಬ್ರು ಇಂಥೋರು ಸಿಕ್ಕಿದ್ರೆ ಸಾಕು ನಂಗೆ."