ಕೆಳಗಿನ ಖಾಲಿ ಮನೆಗಳು

ಹೆಸರಿಡುವ ವಿಷಯದಲ್ಲಿ ಸೋದರತ್ತೆಗಿಂತ ಹಟಮಾರಿ ಯಾರಾದರೂ ಇದ್ದರೆ ಅದು ಕಂಪ್ಯೂಟರಿನ ಸ್ಪ್ರೆಡ್‌ಶೀಟ್. ಅಡ್ಡಗೆರೆ ಉದ್ದಗೆರೆ ಎಳೆದ ಆ ಹಾಳೆಯ ಚೌಕಗಳನ್ನು ಬಲ್ಲವರು ಸೆಲ್ ಎನ್ನುತ್ತಾರೆ. ಚೌಕಾಬಾರ ಆಡಿ ಬೆಳೆದ ನಾನು ಮನೆ ಎಂದೇ ಕರೆಯುತ್ತೇನೆ. ಒಂದು ಸಾಲಿನ ಮನೆಗಳನ್ನೆಲ್ಲ ಒಟ್ಟಿಗೆ ಹಿಡಿದು ಅವಕ್ಕೊಂದು ಹೆಸರಿಟ್ಟುಬಿಟ್ಟರೆ, ಆಮೇಲೆ ಆ ಹೆಸರು ಕೂಗಿದೊಡನೆ ಅಷ್ಟೂ ಮನೆಯವರು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಆದರೆ ಹೆಸರಿನ ನಡುವೆ ತೆರಪು ಬಿಡಕೂಡದು, ಅಂಕಿಯಿಂದ ಆರಂಭಿಸಕೂಡದು, ಕೂಡುವ ಕಳೆಯುವ ಚಿಹ್ನೆಗಳು ನುಸುಳಕೂಡದು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹೈಸ್ಕೂಲಿನಲ್ಲಿ ಇಂಥ ‘ಕೂಡದು’ಗಳನ್ನು ಹೇಳಿಯೇ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದ ನನಗೆ, ನನ್ನನ್ನೇ ಗದರಿಸುವ ಯಂತ್ರವೊಂದು ಸಿಕ್ಕಿದ್ದು ಒಳಗೊಳಗೇ ಸಂತೋಷವನ್ನುಂಟುಮಾಡಿತು.

ನಮ್ಮ ಹಿನಕಲ್ ಕಡೆಯ ವಾಕಿಂಗ್ ಬಳಗ ರಕ್ತದಾನಿಗಳದೊಂದು ಪಟ್ಟಿ ಇಟ್ಟುಕೊಂಡಿದೆ. ಅದರ ಜವಾಬ್ದಾರಿಯನ್ನು ನನಗೆ ಯಾರೂ ವಹಿಸಲಿಲ್ಲ. ಚೀಟಿಗಳಲ್ಲಿ ಚೆಲ್ಲಾಡುತ್ತಿದ್ದ ಹೆಸರುಗಳನ್ನು ನೋಡಲಾರದೆ ನಾನೇ ಕಿತ್ತುಕೊಂಡೆ. ಒಂದೊಂದು ರಕ್ತದ ಗುಂಪಿಗೆ ಒಂದೊಂದು ಕಂಬಸಾಲು ಮಾಡಿ, ಪಾಸಿಟಿವ್‌ಗೆ ಒಂದು, ನೆಗೆಟಿವ್‌ಗೆ ಎರಡು ಎಂದು ಸಂಕೇತ ಕೊಟ್ಟು, ‘ಓ2’ ‘ಎಬಿ1’ ಎಂದು ಚುಟುಕಾಗಿ ಹೆಸರಿಡಹೋದೆ. ಯಂತ್ರ ಎಲ್ಲವನ್ನೂ ತಿರಸ್ಕರಿಸಿತು. ಕಂಬಸಾಲಿನ ಇಂಗ್ಲಿಷ್ ಅಕ್ಷರಕ್ಕೆ ಅಡ್ಡಸಾಲಿನ ಅಂಕಿ ಸೇರಿದರೆ ಅದೇ ಮನೆಯ ವಿಳಾಸ; ನಾನಿಟ್ಟವೆಲ್ಲ ಆ ಹಾಳೆಯಲ್ಲಿ ಆಗಲೇ ಇರುವ ಮನೆಗಳ ವಿಳಾಸಗಳಂತೆ. ಒಬ್ಬರ ವಿಳಾಸ ಇನ್ನೊಬ್ಬರ ಹೆಸರಾಗಕೂಡದು! ಕೊನೆಗೆ ‘ಓ’ ಮತ್ತು ‘ನೆಗೆಟಿವ್’ ನಡುವೆ ತೆರಪಿನ ಬದಲು ಅಡಿಗೆರೆ ಹಾಕಿದಾಗ ಒಪ್ಪಿಕೊಂಡಿತು.

ಕಂಪ್ಯೂಟರ್ ಕಲಿಸಿದ ಪಕ್ಕದ ಬೀದಿಯ ರೇಖಾ ಆಗಲೇ ಒಂದು ಮಾತು ಹೇಳಿದ್ದಳು: “ಮಿಸ್, ಹೆಸರಿಡೋವಾಗ ಕೆಳಗೆ ಹತ್ತು ಮನೆ ಖಾಲಿ ಸೇರಿಸ್ಕೊಂಡ್ಬುಡಿ. ಆಮೇಲೆ ಬರೋರಿಗೆ ಜಾಗ ಇರ್ಲಿ.”

ನಾನು ಒಪ್ಪಲಿಲ್ಲ. ಹಾಜರಿ ಪುಸ್ತಕದ ಕೊನೆಯ ಹೆಸರಿನ ಕೆಳಗೆ ಗೆರೆ ಖಾಲಿ ಉಳಿದರೆ ಕೆಂಪು ಶಾಯಿಯಲ್ಲಿ ಓರೆಗೀಟು ಎಳೆದುಬಿಡಬೇಕು. ಇಲ್ಲದಿದ್ದರೆ ಯಾರೋ ಯಾರನ್ನೋ ತುರುಕುತ್ತಾರೆ ಎಂಬುದು ನನಗೆ ನನ್ನ ಹಿರಿಯರು ಕಲಿಸಿದ, ನಾನು ನನ್ನ ಕಿರಿಯರಿಗೆ ಕಲಿಸಿದ ಧರ್ಮ. ಖಾಲಿ ಗೆರೆ ಎಂದರೆ ಹಾಕದ ಬಾಗಿಲು. ಆದ್ದರಿಂದ ಓ ನೆಗೆಟಿವ್ ಸಾಲಿನಲ್ಲಿದ್ದ ಮೂರು ಹೆಸರುಗಳನ್ನು ಹಿಡಿದು, ಮೂರನೆಯದರ ಕಾಲಬುಡಕ್ಕೇ ಬೇಲಿ ಹಾಕಿ, ಹೆಸರಿಟ್ಟು ಎದ್ದೆ. ಮುಂದಿನ ಹಾಳೆಯಲ್ಲಿ ಗುಂಪನ್ನು ಆರಿಸಿದರೆ ಹೆಸರುಗಳು ಅಚ್ಚುಕಟ್ಟಾಗಿ ಬಂದು ನಿಲ್ಲುತ್ತಿದ್ದವು. ಆ ಅಚ್ಚುಕಟ್ಟನ್ನು ನೋಡಲೆಂದೇ ದಿನಕ್ಕೆರಡು ಬಾರಿ ಆರಿಸುತ್ತಿದ್ದೆ ಎಂದರೆ ನೀವು ನಗಬಾರದು.

ಕಳೆದ ತಿಂಗಳ ಒಂದು ಬೆಳಗ್ಗೆ, ಒಂಬತ್ತಕ್ಕೆ ಐದು ನಿಮಿಷವಿದ್ದಾಗ, ನಮ್ಮ ಬೀದಿಗೆ ಹೂವು ತರುವ ಪಾರ್ವತಮ್ಮ ಬುಟ್ಟಿಯಿಲ್ಲದೆ ಬಂದರು. ಬುಟ್ಟಿಯಿಲ್ಲದ ಪಾರ್ವತಮ್ಮನನ್ನು ನಾನು ಅದುವರೆಗೆ ನೋಡಿರಲಿಲ್ಲ. ಹೆರಿಗೆಗೆ ಸೇರಿದ್ದ ಮಗಳಿಗೆ ರಕ್ತಸ್ರಾವ ಶುರುವಾಗಿದೆ, ಮಧ್ಯಾಹ್ನ ಆಪರೇಷನ್ ಮಾಡಲೇಬೇಕು, ಓ ನೆಗೆಟಿವ್ ಒಂದೇ ಬಾಟಲಿ ಇದೆ. ಪರೀಕ್ಷೆಗೂ ಹೊತ್ತು ಬೇಕಾದ್ದರಿಂದ ಹತ್ತೂವರೆಯೊಳಗೆ ದಾನಿಯೊಬ್ಬರು ಬಂದಿರಬೇಕಂತೆ.

“ನಿಮ್ ಕಂಪೂಟ್ರಲ್ಲಿ ಎಲ್ಲಾ ಐತಂತಲ್ಲ ಮಿಸ್ಸಮ್ಮ, ವಸಿ ನೋಡ್ರವ್ವ” ಎಂದು ಮೆಟ್ಟಿಲ ಮೇಲೆ ಕುಳಿತರು. ಒಳಗೆ ಬನ್ನಿ ಎಂದರೆ ಬರಲಿಲ್ಲ.

ಇಂಥ ದಿನಕ್ಕಾಗಿಯೇ ಅಲ್ಲವೇ ನನ್ನ ಶಿಸ್ತು? ಗುಂಪನ್ನು ಆರಿಸಿದೆ, ಮೂವರು ಬಂದು ನಿಂತರು. ಮೊದಲನೆಯವರಿಗೆ ಜ್ವರ, ಮಾತ್ರೆ ನುಂಗುತ್ತಿದ್ದರು. ಎರಡನೆಯವರು ರಕ್ತ ಕೊಟ್ಟು ಎರಡು ತಿಂಗಳೂ ಆಗಿರಲಿಲ್ಲ. ಮೂರನೆಯವರ ಫೋನು ರಿಂಗಾಯಿತು, ನಿಂತಿತು, ಮತ್ತೆ ರಿಂಗಾಯಿತು. ಅವರ ಪತ್ನಿ ಎತ್ತಿಕೊಂಡು, ಅವರು ಫೋನನ್ನು ಮನೆಯಲ್ಲೇ ಮರೆತು ಮಂಗಳೂರಿಗೆ ಹೋಗಿದ್ದಾರೆಂದರು. ಒಂಬತ್ತೂಕಾಲು. ಇನ್ನೊಮ್ಮೆ ಆರಿಸಿದೆ, ನಾಲ್ಕನೆಯವರು ಹುಟ್ಟಿಕೊಳ್ಳುತ್ತಾರೇನೋ ಎಂಬಂತೆ. ಯಂತ್ರ ಅದೇ ಮೂರು ಹೆಸರುಗಳನ್ನು ಅದೇ ಅಚ್ಚುಕಟ್ಟಿನಲ್ಲಿ ಒಪ್ಪಿಸಿತು. ಆ ಅಚ್ಚುಕಟ್ಟು ಮೊದಲ ಬಾರಿಗೆ ನನಗೆ ಅಸಹ್ಯವಾಯಿತು. ಬಳಗದ ಎಲ್ಲರಿಗೂ ಸಂದೇಶ ಹಾಕಿದೆ, ಬ್ಲಡ್ ಬ್ಯಾಂಕುಗಳಿಗೆ ಫೋನು ಮಾಡಿದೆ. ಎಲ್ಲ ಕಡೆಯೂ ‘ಇಲ್ಲ’. ಹೊರಗೆ ಪಾರ್ವತಮ್ಮ ಬೀದಿಯತ್ತ ಮುಖ ಮಾಡಿ ಕೂತಿದ್ದರು. ಆ ಬೆನ್ನನ್ನು ನೋಡುವುದು ಬಲು ಕಷ್ಟ.

ಒಂಬತ್ತೂವರೆಗೆ ಸಂದೇಶ ನೋಡಿ ನಮ್ಮ ಬಳಗದ ಪುಟ್ಟಸ್ವಾಮಿ ಓಡಿಬಂದರು. ಬಸ್ಸಿನ ಡ್ರೈವರಾಗಿ ನಿವೃತ್ತರಾದ ಅವರು ಪಟ್ಟಿ ಓದುವವರಲ್ಲ, ಮುಖ ನೆನಪಿಡುವವರು.

“ಅಲ್ಲ ಮಿಸ್, ಮೂರು ವಾರದ ಹಿಂದೆ ದಾನಿಗಳ ಹೆಸರು ಬರ್ಕೊಳ್ಳೋ ನಮ್ ಶಿಬಿರಕ್ಕೆ ಊರಿನ ಆ ತುದಿ ಉದಯಗಿರಿಯಿಂದ ಒಬ್ರು ಮೆಕ್ಯಾನಿಕ್ ಬಂದಿದ್ರಲ್ಲ, ಜಮೀಲ್ ಅಂತ. ಇದೇ ಗುಂಪು ಅಂದಿದ್ರು. ನೀವೇ ಬರ್ಕೊಂಡ್ರಿ.”

“ಪಟ್ಟಿಯಲ್ಲಿ ಇಲ್ಲ ಪುಟ್ಟಸ್ವಾಮಿ. ಇದ್ದಿದ್ದರೆ ಬರುತ್ತಿತ್ತು” ಎಂದೆ, ಹಳೆಯ ತರಗತಿಯ ಧ್ವನಿಯಲ್ಲಿ.

“ಪಟ್ಟೀಲಿ ಇಲ್ದಿದ್ರೆ ಮನುಷ್ಯನೇ ಇಲ್ಲ ಅಂದ್ಬುಟ್ರೆ ಎಂಗೆ ಕಣ್ರೀ? ನನ್ ಕಣ್ಣಾರೆ ನೋಡಿವ್ನಿ.”

ಕೋಪದಿಂದಲೇ ಮೂಲ ಹಾಳೆಯನ್ನು ತೆರೆದೆ, ಅವರ ತಪ್ಪನ್ನು ತೋರಿಸಲು. ಓ ನೆಗೆಟಿವ್ ಸಾಲಿನ ಮೂರನೇ ಹೆಸರಿನ ಕೆಳಗೆ, ನಾನೇ ಬರೆದ ನಾಲ್ಕನೇ ಹೆಸರು: ಜಮೀಲ್, ಫೋನ್ ನಂಬರಿನ ಸಮೇತ. ಹೊಸಬರು ಯಾವಾಗಲೂ ಕೊನೆಯಲ್ಲಿ ಎಂಬ ನನ್ನದೇ ನಿಯಮದಂತೆ ಅವರನ್ನು ಕೊನೆಯಲ್ಲಿ ಬರೆದಿದ್ದೆ. ಬೇಲಿ ಮಾತ್ರ ಮೂರನೆಯವರ ಕಾಲಬುಡದಲ್ಲೇ ನಿಂತಿತ್ತು. ಕಂಪ್ಯೂಟರ್ ಹೆಸರು ಕೂಗಿದಾಗಲೆಲ್ಲ ಆ ಮನುಷ್ಯ ಗೇಟಿನಾಚೆ ನಿಂತೇ ಇದ್ದರು. ಹಾಜರಿ ಹಾಕಿದವಳೂ ನಾನೇ, ಹೊರಗೆ ನಿಲ್ಲಿಸಿದವಳೂ ನಾನೇ.

ಜಮೀಲ್ ಫೋನನ್ನು ಮೊದಲ ರಿಂಗಿಗೇ ಎತ್ತಿದರು. ಆಸ್ಪತ್ರೆಯ ಹೆಸರು ಕೇಳಿದರು, ಬರ್ತೀನಿ ಎಂದರು, ಇಟ್ಟರು. ಪುಟ್ಟಸ್ವಾಮಿ ಪಾರ್ವತಮ್ಮನನ್ನೂ ನನ್ನನ್ನೂ ಆಟೋ ಹತ್ತಿಸಿದರು. ಉದಯಗಿರಿಗೂ ಆಸ್ಪತ್ರೆಗೂ ನಡುವೆ ಇರುವ ಸಿಗ್ನಲ್‌ಗಳನ್ನು ನಾನು ಅಂದು ಮನಸ್ಸಿನಲ್ಲೇ ಎಣಿಸಿದೆ; ಅಷ್ಟೊಂದಿವೆಯೆಂದು ಗೊತ್ತಿರಲಿಲ್ಲ. ನಾವು ತಲುಪಿದಾಗ ಹತ್ತೂ ಇಪ್ಪತ್ತು. ಜಮೀಲ್ ಆಗಲೇ ಬಂದು, ಗ್ರೀಸು ಹತ್ತಿದ ಕೈಗಳನ್ನು ಮೊಣಕೈಯವರೆಗೆ ತೊಳೆಯುತ್ತಿದ್ದರು.

“ಮಿಸ್, ನೀವು ಮೂರು ವಾರ ಕರೀಲೇ ಇಲ್ಲ. ನನ್ ರಕ್ತ ನಿಮ್ ಪರೀಕ್ಷೇಲಿ ಫೇಲಾಯ್ತೇನೋ ಅನ್ಕೊಂಡೆ” ಎಂದು ನಕ್ಕರು.

ನಾನು ನಗಲಾರದೆ, “ಫೇಲಾದವಳು ನಾನಪ್ಪ” ಎಂದೆ. ಅವರಿಗೆ ಅರ್ಥವಾಗಲಿಲ್ಲ; ವಿವರಿಸಲು ಹೊತ್ತೂ ಇರಲಿಲ್ಲ, ನರ್ಸ್ ಕರೆದರು.

ಸಂಜೆ ಐದರ ಹೊತ್ತಿಗೆ ಪಾರ್ವತಮ್ಮನ ಫೋನು ಬಂತು. ಹೆಣ್ಣು ಮಗು, ಮಗಳು ಕಣ್ಣು ಬಿಟ್ಟು ನೀರು ಕೇಳಿದಳಂತೆ. “ನಿಮ್ ಕಂಪೂಟ್ರಿಗೆ ಪುಣ್ಯ ಬರ್ಲಿ ಮಿಸ್ಸಮ್ಮ” ಎಂದರು. ಪುಣ್ಯ ಬರಬೇಕಾದ್ದು ಪುಟ್ಟಸ್ವಾಮಿಯ ಕಣ್ಣುಗಳಿಗೆ ಎಂದು ತಿದ್ದಿದೆ.

ಮರುದಿನ ವಾಕಿಂಗ್ ಮುಗಿಸಿ ಬಂದವಳೇ ಎಲ್ಲ ಬೇಲಿಗಳನ್ನೂ ಕಿತ್ತು, ಪ್ರತಿ ಸಾಲಿನ ಕೆಳಗೂ ಹತ್ತು ಖಾಲಿ ಮನೆಗಳನ್ನು ಸೇರಿಸಿ ಅದದೇ ಹೆಸರುಗಳನ್ನಿಟ್ಟೆ. ಯಂತ್ರ ಚಕಾರವೆತ್ತಲಿಲ್ಲ. ಹೆಸರಿನ ಅಕ್ಷರಗಳಲ್ಲಿ ಅಷ್ಟೊಂದು ತಪ್ಪು ಹುಡುಕುವ ಅದು, ಆ ಹೆಸರಿನೊಳಗೆ ಯಾರು ಸೇರಿದರು, ಯಾರು ಬಿಟ್ಟುಹೋದರು ಎಂದು ಅಂದೂ ಕೇಳಿರಲಿಲ್ಲ, ಇಂದೂ ಕೇಳಲಿಲ್ಲ. ಅದನ್ನು ಕೇಳಬೇಕಾದ ಸೋದರತ್ತೆ ನಾನೇ ಎಂದಾಯಿತು.

ಗೋಡೆಗೆ ಅಂಟಿಸಲೆಂದು ಪಟ್ಟಿಯ ಒಂದು ಪ್ರತಿಯನ್ನು ಕಾಗದದಲ್ಲಿ ತೆಗೆಸಿದ್ದೇನೆ. ಜಮೀಲರ ಹೆಸರಿನ ಕೆಳಗೆ ಹತ್ತು ಗೆರೆಗಳು ಖಾಲಿ ಇವೆ. ನಿನ್ನೆ ಅದನ್ನು ನೋಡುತ್ತ ನಿಂತಿದ್ದಾಗ ನನಗರಿವಿಲ್ಲದೆ ಕೈ ಕೆಂಪು ಪೆನ್ನಿನ ಮುಚ್ಚಳವನ್ನು ತೆಗೆದಿತ್ತು. ಮತ್ತೆ ಮುಚ್ಚಳ ಹಾಕಿದೆ.