ಅಡಿಕೆ ಚೀಲಕ್ಕೆ ಜಗ್ಗದ ಸ್ಲ್ಯಾಬು

ಸುಟ್ಟ ಕಾಂಕ್ರೀಟಿನ ವಿಷಯ ನನ್ನ ಹತ್ತಿರ ಎತ್ತಬೇಡಿ. ಎತ್ತಿದರೆ ಹೇಳಿಬಿಡುತ್ತೇನೆ, ಅದೇ ತೊಂದರೆ.

ನಾನು ಶಿರಸಿಯಲ್ಲಿ ಮನೆಗಳ ನಕ್ಷೆ ಬರೆದು, ಮೇಸ್ತ್ರಿಗಳ ಹತ್ತಿರ ಬೈಸಿಕೊಂಡು ಬದುಕುವವನು. ಅಕ್ಕನನ್ನು ಕೊಟ್ಟಿದ್ದು ಸಿದ್ದಾಪುರದ ಹೇರೂರಿಗೆ. ಅಲ್ಲಿ ಭಾವ ತಾನೇ ಎದುರು ನಿಂತು ಹಾಕಿಸಿದ ಆರ್‌ಸಿಸಿ ಸ್ಲ್ಯಾಬಿನ ಬಚ್ಚಲುಮನೆ ಇತ್ತು. ನಮ್ಮ ಕಡೆ ಬಚ್ಚಲೊಲೆಗೆ ಅಡಿಕೆ ಸಿಪ್ಪೆಯೇ ಉರುವಲು. ನೆನೆಯಬಾರದು ಅಂತ ಅದನ್ನು ಒಲೆಯ ಪಕ್ಕದಲ್ಲೇ ರಾಶಿ ಹಾಕುತ್ತಾರೆ. ಭಾವ ಸ್ಲ್ಯಾಬು ಮುಟ್ಟುವವರೆಗೂ ಹಾಕಿದ್ದ. ಒಂದು ಬೆಳಿಗ್ಗೆ ಕಿಡಿ ಹಾರಿ ಮಧ್ಯಾಹ್ನದವರೆಗೆ ಉರಿಯಿತು. ಊರವರೆಲ್ಲ ಸೇರಿ ಕಾದ ಸ್ಲ್ಯಾಬಿಗೆ ಕೊಡಗಟ್ಟಲೆ ತಣ್ಣೀರು ಹೊಯ್ದು ಆರಿಸಿದರು.

ನಾಲ್ಕು ದಿನ ಬಿಟ್ಟು ನನ್ನನ್ನು ಕರೆಸಿದರು. ಅವತ್ತೇ ಅವರ ಮನೆಯಲ್ಲಿ ಸತ್ಯನಾರಾಯಣ ಕತೆ. ನೆಂಟರಿಗೆ ಮಸಿ ಕಾಣಬಾರದಲ್ಲ, ಭಾವ ಒಳಗೆಲ್ಲ ಸುಣ್ಣ ಬಳಿಸಿಬಿಟ್ಟಿದ್ದ. ಬೆಂಕಿಯ ಗುರುತು ನೋಡಲು ಬಂದವನಿಗೆ ಗುರುತೇ ಇಲ್ಲ! ಉಗುರಿನಿಂದ ಸುಣ್ಣ ಕೆರೆದೆ. ಕಾಂಕ್ರೀಟು ಬೆಂದು ನಸುಗೆಂಪಾಗಿತ್ತು. ಸುತ್ತಿಗೆಯಲ್ಲಿ ಬಡಿದರೆ ಟಣ್ ಅನ್ನಬೇಕಾದದ್ದು ಧಬ್ ಅಂತು.

"ಇದನ್ನ ತೆಗಸ್ಸು ಭಾವಾ" ಅಂದೆ.

"ತೆಗಿಯಲೆ ಎಂತ ಆಯ್ದು ಮಾರಾಯಾ?" ಅಂದವನೇ ಕೆಲಸದವರನ್ನು ಕರೆದು ಅಡಿಕೆ ಚೀಲಗಳನ್ನೆಲ್ಲ ಸ್ಲ್ಯಾಬಿನ ಮೇಲೆ ಹೇರಿಸಿದ. ಅದು ಜಗ್ಗಲಿಲ್ಲ. ಭಾವ ಅದರ ಕೆಳಗೇ ಹೋಗಿ ನಿಂತ. "ಈಗ ನಿನ್ನ ಡಿಪ್ಲೊಮಾ ಎಂತ ಹೇಳ್ತು?"

ಹೇಳಬೇಕಾದದ್ದು ಇಷ್ಟೇ ಇತ್ತು: ಬೆಂಕಿ ಕಂಡ ಕಾಂಕ್ರೀಟು ಸುಮ್ಮನೆ ಕೂತ ಭಾರವನ್ನು ಹೊತ್ತೀತು, ಏಟು ತಡೆಯುವುದಿಲ್ಲ. ಒಳಗೆಲ್ಲ ಕೂದಲೆಳೆಯ ಬಿರುಕು, ಕಬ್ಬಿಣದ ಮೇಲಿನ ಹಿಡಿತ ಸಡಿಲ. ಸ್ಲ್ಯಾಬಿನ ಮೇಲೆ ಹಲಸಿನ ಮರ ಬಾಗಿತ್ತು, ಮೈತುಂಬ ಮಿಡಿ. ಆ ಸ್ಲ್ಯಾಬಿನ ಕೆಳಗೆ ದಿನಾ ಮೀಯುವವಳು ನನ್ನ ಅಕ್ಕ. ಇಷ್ಟೂ ನನಗೆ ಗೊತ್ತಿತ್ತು. ಆದರೆ ಜಗಲಿಯಲ್ಲಿ ಬಾಳೆ ಹಾಕಿಯಾಗಿತ್ತು, ನೆಂಟರೆಲ್ಲ ನಮ್ಮಿಬ್ಬರ ಬಾಯಿ ನೋಡುತ್ತಿದ್ದರು. ಊಟಕ್ಕೆ ಹೋದಲ್ಲಿ ಯಜಮಾನನ ಮುಖ ಕೆಡಿಸಬಾರದು, ನಮ್ಮಲ್ಲಿ ಅಕ್ಷರಕ್ಕಿಂತ ಮೊದಲು ಕಲಿಸುವುದು ಅದನ್ನೇ.

"ಸದ್ಯಕ್ಕೆ ತೊಂದ್ರೆ ಇಲ್ಲೆ" ಅಂದೆ. ಹೋಳಿಗೆ ಚೆನ್ನಾಗಿತ್ತು. ಮೂರು ತಿಂದೆ.

ಕೈ ತೊಳೆಯುವಾಗ ಅಕ್ಕನ ಹತ್ತಿರ ಮಾತ್ರ, "ಆ ಹಲಸಿನ ಮರನಾದ್ರೂ ಕಡಸೇ" ಅಂದೆ.

"ಹಪ್ಪಳಕ್ಕೆ ಇಪ್ಪದೇ ಅದೊಂದು ಮರ. ಕಡದ್ರೆ ನಿನ್ನ ಮನಿಗೂ ಹಪ್ಪಳ ಬತ್ತಿಲ್ಲೆ, ನೋಡು" ಅಂದು ನಕ್ಕಳು. ನಾನೂ ನಕ್ಕು ಬಸ್ಸು ಹತ್ತಿದೆ.

ಯುಗಾದಿ ಕಳೆದ ಮೇಲೆ ಒಂದು ದಿನ ಅಕ್ಕ ಮೀಯುತ್ತಿದ್ದಾಗ ಆ ಮರದ ಕಾಯಿ ಬಿತ್ತು. ಸ್ಲ್ಯಾಬಿನ ಮೇಲೆ ಅಂಗೈಯಗಲ ತರಚಿತ್ತು, ಅಷ್ಟೇ. ಕೆಳಗಡೆ ಮಾತ್ರ ಬುಟ್ಟಿಯಗಲದ ಕಾಂಕ್ರೀಟು ಸುಣ್ಣದ ಸಮೇತ ಕಳಚಿ, ಅರ್ಧ ಹಂಡೆಯ ಮೇಲೆ, ಅರ್ಧ ಅಕ್ಕನ ಭುಜದ ಮೇಲೆ ಬಿತ್ತು. ನೆಗ್ಗಿದ ಹಂಡೆಯನ್ನು ಪೇಟೆಯಲ್ಲಿ ಬಡಿದು ಸರಿ ಮಾಡಿಕೊಟ್ಟರು. ಅಕ್ಕನ ಬಲಗೈ ಇವತ್ತಿಗೂ ಭುಜದಿಂದ ಮೇಲೆ ಏಳುವುದಿಲ್ಲ. ಜಡೆ ಹಾಕಲು ಇನ್ನೊಬ್ಬರು ಬೇಕು. ನೆನೆದಾಗಲೆಲ್ಲ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಅವಳು ಮಾತ್ರ ಊರಿಗೆಲ್ಲ "ಹಲಸಿನಕಾಯಿ ಬಿತ್ತು" ಅಂತಲೇ ಹೇಳಿದ್ದು.

ಹಳೆಯದನ್ನು ಕೆಡವಿ ಹೊಸ ಸ್ಲ್ಯಾಬು ಹಾಕಿದರು. ಸಿಪ್ಪೆ ರಾಶಿ ಈಗ ಅಂಗಳದಾಚೆ. ಮರ ಹಾಗೇ ಇದೆ, ನಮ್ಮ ಮನೆಗೆ ಹಪ್ಪಳವೂ ತಪ್ಪದೆ ಬರುತ್ತದೆ.

ಮೊನ್ನೆ ಹಬ್ಬಕ್ಕೆ ಹೋದಾಗ ಭಾವ ನನ್ನನ್ನು ಬಚ್ಚಲುಮನೆಗೆ ಕರೆದೊಯ್ದ. ಎಂದೂ ಇಲ್ಲದ ಮರ್ಯಾದೆಯಲ್ಲಿ, "ನೀನೇ ನೋಡಿ ಹೇಳಾ, ಗಟ್ಟಿ ಇದ್ದಾ?" ಅಂದ.

ನಾನು ಸುತ್ತಿಗೆ ಕೇಳುವಷ್ಟರಲ್ಲಿ ಅಡುಗೆಮನೆಯಿಂದ ಅಕ್ಕ ಹೇಳಿದಳು: "ಅವನ ಹತ್ರ ಕೇಳದು ಬ್ಯಾಡ. ಅಂವ ಊಟಕ್ಕೆ ಬಂದಂವ."